ಡ್ರೈವರ್ ಸೀಟಿನ ಕಿವಿ

ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಬೆಳ್ತಂಗಡಿ ಕಡೆಗೆ ಸ್ವಲ್ಪ ನಡೆದರೆ, ಒಂದೇ ಮಾಡಿನ ಕೆಳಗೆ ಎರಡು ಅಂಗಡಿಗಳು ಸಿಗುತ್ತವೆ. ಒಂದರಲ್ಲಿ ಲತೇಶಣ್ಣ ಕಾರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುತ್ತಾರೆ. ಇನ್ನೊಂದರಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ನಡುವೆ ಇರುವುದು ಗೋಡೆಯಲ್ಲ, ಪ್ಲೈವುಡ್ ಹಲಗೆ.

ನಾನು ಬರುವ ಮೊದಲು ನನ್ನ ಕಡೆಯ ಭಾಗದಲ್ಲಿ ಸುಹೈಬ್ ಎಂಬವರು ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದರು. ಅವರು ಕುವೈತಿಗೆ ಹೋದ ಮೇಲೆ ಜಾಗ ನನಗೆ ಸಿಕ್ಕಿತು. ಅವರ ದಪ್ಪ ರೆಕ್ಸಿನ್ ಹೊಲಿಯುವ ಮಿಷನ್ ಈಗಲೂ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿದೆ. ಊರವರ ಬಾಯಲ್ಲಿ ಅಂಗಡಿಯೂ ಇನ್ನೂ ಅವರದ್ದೇ. "ಸುಹೈಬನಲ್ಲಿ ಬ್ಲೌಸಿಗೆ ಕೊಟ್ಟಿದ್ದೇನೆ" ಎಂದು ಹೆಂಗಸರು ಬಸ್ಸಿನಲ್ಲಿ ಹೇಳಿಕೊಳ್ಳುವಾಗ ನನಗೇ ನಗು ಬರುತ್ತದೆ.

ಜಾಗ ಹಿಡಿಯುವಾಗ ನನಗೆ ಇದ್ದ ಹೆದರಿಕೆ ಒಂದೇ. ಮಗಳು ಸಾತ್ವಿಕಾಗೆ ಆಗ ವರ್ಷ ತುಂಬಿರಲಿಲ್ಲ. ಮಾಡಿನ ಪಕ್ಕಾಸಿನ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಅವಳನ್ನು ಅದರಲ್ಲಿ ಮಲಗಿಸಿ ಕೆಲಸ ಮಾಡಬೇಕು. ಬದಿಯಲ್ಲಿ ಇಡೀ ದಿನ ಢಮಢಮ ಎಂದರೆ ಮಗು ನಿದ್ದೆ ಮಾಡುವುದು ಹೇಗೆ? ಆದರೆ ಆದದ್ದೇ ಬೇರೆ. ಹಲಗೆ ದಾಟಿ ಹಾಡಿನ ಪದ ಬರುವುದಿಲ್ಲ, ಹಾಡಿದವರ ಸ್ವರ ಬರುವುದಿಲ್ಲ. ಕೆಳಗಿನ ಗುಂ ಎನ್ನುವ ಭಾಗ ಮಾತ್ರ ಬರುತ್ತದೆ. ಡಬ್ಬಿಯಲ್ಲಿ ಗುಂಡುಸೂಜಿಗಳು ಸಣ್ಣಗೆ ಕುಣಿಯುತ್ತವೆ. ಮಗು ಹಾಯಾಗಿ ಮಲಗುತ್ತದೆ. ಸದ್ದು ನಿಂತಾಗಲೇ ಎದ್ದು ಅಳುತ್ತದೆ.

"ಲತೇಶಣ್ಣ, ಸ್ವಲ್ಪ ಹಾಕಿ ಮಾರಾಯ್ರೆ, ಎದ್ದಳು," ಎಂದು ಎಷ್ಟೋ ಸಲ ನಾನೇ ಕೂಗಿ ಹೇಳಿದ್ದುಂಟು.

ಲತೇಶಣ್ಣನಿಗೆ ನಲವತ್ತು ದಾಟಿದೆ. ಅವರ ತಂದೆ ನೋಣಯ್ಯ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ ಎಲ್ಲದಕ್ಕೂ ತಂದೆಯ ಹಿಂದೆ ವಯರಿನ ಸುತ್ತು ಹೊತ್ತು ತಿರುಗಿಯೇ ಇವರು ಬೆಳೆದದ್ದು. ತಂದೆ ಹೋದ ಮೇಲೆ ಮೈಕಿನ ಕಾಲವೂ ಹೋಯಿತು, ಇವರು ಬಿ.ಸಿ. ರೋಡಿನ ಒಂದು ಅಂಗಡಿಯಲ್ಲಿ ಕಾರಿನ ಕೆಲಸ ಕಲಿತು ಬಂದರು. ಮದುವೆಯಾಗಲಿಲ್ಲ. ಯಾಕೆಂದು ಕೇಳುವುದನ್ನೂ ಈಗ ಜನ ಬಿಟ್ಟಿದ್ದಾರೆ. ಮನೆಯಲ್ಲಿ ಒಬ್ಬರೇ. ಮಧ್ಯಾಹ್ನ ಮನೆಗೆ ಹೋಗಿ ಬೆಳಿಗ್ಗೆಯ ಅನ್ನವನ್ನೇ ಉಂಡು ಬರುತ್ತಾರೆ. ನನ್ನ ಬುತ್ತಿಯಿಂದ ಪಲ್ಯ ಕೊಟ್ಟರೆ "ಬೇಡ ಅಕ್ಕ" ಎಂದು ಎರಡು ಸಲ ಹೇಳಿ ಮೂರನೆಯ ಸಲ ತೆಗೆದುಕೊಳ್ಳುತ್ತಾರೆ.

ಅವರ ಕೆಲಸವನ್ನು ನಾನು ದಿನವೂ ನೋಡುತ್ತೇನೆ. ಬ್ಯಾಟರಿಯಿಂದ ದಪ್ಪ ವಯರು ಎಳೆದು, ಕಾರಿನ ಕಾರ್ಪೆಟ್ ಎಬ್ಬಿಸಿ, ಅದರ ಅಡಿಯಿಂದ ಒಂದು ಬದಿಯಲ್ಲೇ ಡಿಕ್ಕಿಗೆ ಒಯ್ಯುತ್ತಾರೆ. ಹಾಡು ಬರುವ ತೆಳು ವಯರು ಇನ್ನೊಂದು ಬದಿಯಲ್ಲಿ ಹೋಗಬೇಕು. ಎರಡನ್ನೂ ಒಟ್ಟಿಗೆ ಬಿಟ್ಟರೆ ಇಂಜಿನ್ ತಿರುಗಿದ ಹಾಗೆ ಹಾಡಿನ ಹಿಂದೆ ಸೊಳ್ಳೆಯಂತೆ ಒಂದು ಕುಂಯಿ ಸ್ವರ ಏರುತ್ತದಂತೆ. ಡಿಕ್ಕಿಯಲ್ಲಿ ಗುಂ ಎನ್ನುವ ಬಾಸಿನ ಪೆಟ್ಟಿಗೆ, ಅದರ ಬೆನ್ನಿಗೆ ಆಂಪ್ಲಿಫೈಯರ್. ಅಷ್ಟಕ್ಕೆ ಕೂರಿಸುವ ಕೆಲಸ ಮುಗಿಯಿತು. ಮತ್ತೆ ಉಳಿಯುವುದು ಹದ ಮಾಡುವುದು.

ತೊಡಕು ಇರುವುದು ಅಲ್ಲಿಯೇ. ಹದ ಮಾಡುವ ತಿರುಪುಗಳೆಲ್ಲ ಹಿಂದೆ ಆಂಪ್ಲಿಫೈಯರಿನಲ್ಲಿ ಇವೆ. ಹದವಾಗಿ ಕೇಳಬೇಕಾದದ್ದು ಮುಂದೆ, ಡ್ರೈವರ್ ಸೀಟಿನಲ್ಲಿ ಕೂತವನಿಗೆ. ಡಿಕ್ಕಿಗೆ ತಲೆ ಹಾಕಿದವನಿಗೆ ಕಿವಿ ತುಂಬ ಬಾಸ್ ಕೇಳಿದರೆ ಪ್ರಯೋಜನ ಇಲ್ಲ. ಕೈ ಹಿಂದೆ ಇರಬೇಕು, ಕಿವಿ ಮುಂದೆ. ಒಬ್ಬನೇ ಮಾಡಲು ಹೊರಟರೆ ತಿರುಗಿಸು, ಓಡು, ಕೂತು ಕೇಳು, ಪುನಃ ಓಡು. ಅಷ್ಟರಲ್ಲಿ ಮೊದಲು ಕೇಳಿದ್ದು ಮರೆತಿರುತ್ತದೆ. ಇಬ್ಬರ ಕೆಲಸ ಅದು. ಲತೇಶಣ್ಣನ ಕೈ, ಸುಹೈಬನ ಕಿವಿ. ಸೀಟು ಹೊಲಿಯುತ್ತಿದ್ದ ಸುಹೈಬ್ ಸೂಜಿ ಬಿಟ್ಟು ಬಂದು ಕೂತು ಕೇಳುವುದು ಅದು ಹೇಗೋ ರೂಢಿಯಾಗಿತ್ತಂತೆ.

ಎದುರಿನ ಹೋಟೆಲಿನ ಮೂಸಾಕ ಆ ದಿನಗಳ ಬಗ್ಗೆ ಹೇಳುವುದು ಹೀಗೆ: "ಒಬ್ಬ ಹಿಂದಿನಿಂದ 'ಸಾಕಾ?' ಇನ್ನೊಬ್ಬ ಮುಂದಿನಿಂದ 'ಸ್ವಲ್ಪ ಕಮ್ಮಿ.' ಪುನಃ 'ಸಾಕಾ?' 'ಸಾಕು.' ಇಡೀ ದಿನ ಇದೇ ಮಾರಾಯ್ತಿ! ಬೇರೆ ಒಂದು ಸುದ್ದಿ ಇಲ್ಲ, ರಾಜಕೀಯ ಇಲ್ಲ, ಜಗಳ ಇಲ್ಲ. ನನ್ನ ಹೋಟೆಲಿಗೆ ಬಂದರೆ ಎದುರುಬದುರು ಕೂತು ಚಾ ಕುಡಿದು ಎದ್ದು ಹೋಗುವುದು. ಇವರು ಮಾತಾಡ್ಬೇಕಾದ್ರೆ ನಡುವೆ ಒಂದು ಕಾರು ಬೇಕು."

ನಾವೆಲ್ಲ ಮಾತಾಡುವುದು ತುಳುವಿನಲ್ಲಿ. ಬರೆಯುವುದು ಕನ್ನಡದಲ್ಲಿ ಎಂದು ಹೀಗೆ ಬರೆದಿದ್ದೇನೆ.

ಸುಹೈಬ್ ಕುವೈತಿನಲ್ಲೂ ಕಾರಿನ ಸೀಟು ಹೊಲಿಯುವ ಕೆಲಸಕ್ಕೇ ಹೋದದ್ದು. ಅವರು ಹೋದ ಮೇಲೆ ಲತೇಶಣ್ಣ ಬೇರೆ ಯಾರನ್ನೂ ಆ ಸೀಟಿನಲ್ಲಿ ಕೂರಿಸಲಿಲ್ಲ. ಹದ ಮಾಡುವ ಹೊತ್ತಿಗೆ ಕುವೈತಿಗೆ ನೆಟ್ ಕಾಲ್ ಮಾಡುತ್ತಾರೆ. ಡ್ರೈವರ್ ಸೀಟಿನ ತಲೆದಿಂಬಿಗೆ, ಕಿವಿ ಇರುವ ಎತ್ತರಕ್ಕೆ ಸರಿಯಾಗಿ, ರಬ್ಬರ್ ಬ್ಯಾಂಡ್ ಹಾಕಿ ಫೋನನ್ನು ಕಟ್ಟುತ್ತಾರೆ. ಹಾಡು ಹಾಕಿ ಡಿಕ್ಕಿಗೆ ಬಂದು ಬಗ್ಗಿ ಕೇಳುತ್ತಾರೆ, "ಸಾಕಾ?"

ಸ್ವಲ್ಪ ತಡೆದು ಫೋನಿನಿಂದ ಸ್ವರ ಬರುತ್ತದೆ: "ಸ್ವಲ್ಪ ಕಮ್ಮಿ ಮಾಡಿ."

"ಈಗ?"

"ಹಾಂ, ಸಾಕು."

ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ಆಮೇಲೆ ರೂಢಿಯಾಯಿತು. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಹುಡುಗರು. ಗಾಜು ನಡುಗಿದರೆ ಅವರಿಗೆ ಸಂತೋಷ, ಹದ ಯಾರಿಗೆ ಬೇಕು? ಹಾಗಾಗಿ ಯಾವ ದೂರೂ ಬರಲಿಲ್ಲ, ಮೂಡುಬಿದಿರೆಯ ಚಂದ್ರರಾಜರು ಬರುವವರೆಗೆ.

ಚಂದ್ರರಾಜರು ಹಳೆಯ ಜೈನ ಮನೆತನದವರು, ಒಂದು ಬಸದಿಯ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಬೆಳ್ತಂಗಡಿಯ ಕಡೆ ಜಾಗ ಇರುವುದರಿಂದ ವಾರಕ್ಕೊಮ್ಮೆ ಈ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುವುದು. ಯಕ್ಷಗಾನದ ಹುಚ್ಚು. ಬಾಸ್ ಪೆಟ್ಟಿಗೆ ಹಾಕಿಸುವಾಗಲೇ ಸ್ಪಷ್ಟವಾಗಿ ಹೇಳಿದ್ದರು: "ನನಗೆ ಕುಣಿಸುವ ಬಾಸ್ ಬೇಡ. ಮದ್ದಳೆ ಎದುರು ಕೂತು ಬಾರಿಸಿದ ಹಾಗೆ ಕೇಳ್ಬೇಕು." ವಾರ ಕಳೆದು ಪುನಃ ಬಂದು, ಕಾರಿನಿಂದ ಇಳಿಯುವಾಗಲೇ ಶುರು ಮಾಡಿದರು.

"ಲತೇಶ, ನನ್ನ ಮದ್ದಳೆಯವ ಎಲ್ಲಿ?"

"ಯಾಕೆ ಧಣಿಗಳೇ, ಕೇಳುವುದಿಲ್ವಾ?"

"ಭಾಗವತರು ಎದುರು ಕೂತು ಹಾಡ್ತಾರೆ. ಮದ್ದಳೆಯವ ಡಿಕ್ಕಿಯಲ್ಲಿ ಮಲಗಿದ್ದಾನೆ. ದಾರಿಯಲ್ಲಿ ಸಿದ್ಧಕಟ್ಟೆಯಲ್ಲಿ ಗಾಡಿ ನಿಲ್ಲಿಸಿ ಕೆಳಗೆ ಇಳಿದೆ ನೋಡು, ಹೊರಗೆ ಎಷ್ಟು ಚಂದ ಕೇಳ್ತದೆ ಗೊತ್ತುಂಟಾ? ಹಾಗಾದ್ರೆ ಏನು, ಗಾಡಿ ಹೋಗುವಾಗ ನಾನು ಬದಿಯಲ್ಲಿ ಓಡಿಕೊಂಡು ಬರ್ಬೇಕಾ?"

ಹೋಟೆಲಿನ ಬಾಗಿಲಲ್ಲಿ ಮೂಸಾಕ ಬಾಯಿಗೆ ಟವಲ್ ಹಿಡಿದು ನಕ್ಕರು. ಲತೇಶಣ್ಣ ನಗಲಿಲ್ಲ.

"ಸುಹೈಬ್ ಕೇಳಿ ನೋಡಿದ್ದಾನೆ. ಅವನು ಸಾಕು ಅಂದ ಮೇಲೆಯೇ ನಾನು ಬಿಟ್ಟದ್ದು."

"ಸುಹೈಬ್ ಕುವೈತಿನಲ್ಲಿ ಅಲ್ವಾ?"

"ಹೌದು. ಫೋನಿನಲ್ಲಿ."

ಚಂದ್ರರಾಜರು ಅವರನ್ನೇ ನೋಡಿದರು. "ಮಂಡೆ ಸಮ ಉಂಟಾ ನಿನಗೆ? ನಾನು ಇಲ್ಲಿ ಇದ್ದೇನೆ, ನನ್ನ ಎರಡು ಕಿವಿ ಉಂಟು. ನಾನೇ ಕೂತುಕೊಳ್ತೇನೆ, ನೀನು ತಿರುಗಿಸು."

"ಬೇಡ," ಎಂದರು ಲತೇಶಣ್ಣ. ನೆಲ ನೋಡುತ್ತ ಹೇಳಿದರು. "ಶುಕ್ರವಾರ ತನ್ನಿ. ಶುಕ್ರವಾರ ಅವನಿಗೆ ರಜೆ. ಸರಿಯಾಗಿ ಕೇಳಿ ಹೇಳ್ತಾನೆ."

"ಶುಕ್ರವಾರ ತರ್ತೇನೆ. ಆಗಲೂ ಆಗದಿದ್ರೆ ಪೆಟ್ಟಿಗೆ ಬಿಚ್ಚಿ ಕೊಡು. ಮೂಡುಬಿದಿರೆಯಲ್ಲಿ ಬೇರೆ ಜನ ಇದ್ದಾರೆ."

ಅವರು ಹೋದ ಮೇಲೆ ಲತೇಶಣ್ಣ ಬಹಳ ಹೊತ್ತು ಒಂದು ವಯರಿನ ತುದಿಯನ್ನು ಹಿಡಿದುಕೊಂಡೇ ನಿಂತಿದ್ದರು.

ಮರುದಿನ ಅವರು ಊಟಕ್ಕೆ ಹೋದ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಸುಹೈಬ್. ಮಿಷನ್ನಿಗೆ ಎಣ್ಣೆ ಬಿಡಲು ಹೇಳಲಿಕ್ಕೆ ಮೊದಲೂ ಅಪರೂಪಕ್ಕೆ ಫೋನ್ ಮಾಡುತ್ತಿದ್ದರು. ಈ ಸಲ ಮಿಷನ್ನಿನ ಸುದ್ದಿ ಎತ್ತಲಿಲ್ಲ.

"ಅಕ್ಕ, ಲತೇಶಣ್ಣ ಹತ್ತಿರ ಇದ್ದಾರಾ?"

"ಇಲ್ಲ, ಊಟಕ್ಕೆ ಹೋಗಿದ್ದಾರೆ."

"ನಿಮ್ಮಲ್ಲಿ ಒಂದು ವಿಷಯ ಹೇಳ್ಬೇಕು. ನನಗೆ ಎಂಥದೂ ಕೇಳುವುದಿಲ್ಲ."

"ಎಂಥದ್ದು ಕೇಳುವುದಿಲ್ಲ?"

"ಬಾಸ್. ಫೋನಿನಲ್ಲಿ ಅದು ಬರುವುದೇ ಇಲ್ಲ ಅಕ್ಕ. ಹಾಡು ಹಾಕಿದ ಕೂಡ್ಲೇ ಫೋನ್ ಅದನ್ನು ಗಲಾಟೆ ಅಂತ ಒರೆಸಿ ಹಾಕ್ತದೆ. ಅವರ ಸ್ವರ ಮಾತ್ರ ಕೇಳ್ತದೆ. 'ಸಾಕಾ' ಅಂತಾರೆ. ನಾನು ಸ್ವಲ್ಪ ತಡೆದು 'ಕಮ್ಮಿ ಮಾಡಿ' ಅಂತೇನೆ. ಮತ್ತೆ ಸ್ವಲ್ಪ ತಡೆದು 'ಸಾಕು' ಅಂತೇನೆ. ಅಷ್ಟೇ."

"ಅಯ್ಯೋ ದೇವರೇ. ಯಾವಾಗಿನಿಂದ?"

"ಇಲ್ಲಿ ಬಂದ ಮೊದಲ ದಿನದಿಂದ."

ನಾನು ಹೊಲಿಗೆ ನಿಲ್ಲಿಸಿದೆ. "ಹೇಳ್ಬಹುದಿತ್ತಲ್ಲ ಅವರಿಗೆ?"

"ಹೇಳಿದ್ರೆ ಮತ್ತೆ ಯಾಕೆ ಫೋನ್ ಮಾಡ್ತಾರೆ?" ಎಂದರು ಸುಹೈಬ್. ಆಮೇಲೆ ನಗಲು ನೋಡಿದರು. "ಇಲ್ಲಿ ರೂಮು ತುಂಬ ಜನ ಇದ್ದಾರೆ ಅಕ್ಕ. ಉಪ್ಪು ಎಲ್ಲಿಟ್ಟೆ, ಲೈಟ್ ತೆಗಿ, ಅಷ್ಟೇ ಮಾತು. ನನ್ನಿಂದ ಆಗ್ಬೇಕಾದ ಒಂದು ಕೆಲಸ ಉಂಟು ಅಂತ ಕರೆಯುವವರು ಅವರೊಬ್ಬರೇ. ನಿನ್ನೆ ಧಣಿಗಳು ಬೈದು ಹೋದದ್ದನ್ನು ಹೇಳಿದ್ರು. ಶುಕ್ರವಾರ ಸರಿಯಾಗಿ ಕೇಳು ಮಾರಾಯ ಅಂದ್ರು. ನಾನು ಎಂಥದ್ದನ್ನು ಕೇಳುವುದು?"

ಅವರ ಉಪಾಯ ಹೀಗಿತ್ತು. ಶುಕ್ರವಾರ ಮಗುವನ್ನು ಆಡಿಸುವ ನೆವದಲ್ಲಿ ನಾನು ಡ್ರೈವರ್ ಸೀಟಿನಲ್ಲಿ ಕೂರಬೇಕು. ಹದವಾಗಿ ಕೇಳಿದ ಕೂಡಲೇ ಫೋನಿನ ಬೆನ್ನಿಗೆ ಉಗುರಿನಲ್ಲಿ ಒಮ್ಮೆ ತಟ್ಟಬೇಕು. ಅದು ಅವರಿಗೆ ಕೇಳುತ್ತದೆ. ಆಗ ಅವರು 'ಸಾಕು' ಎನ್ನುತ್ತಾರೆ.

"ನನಗೆ ಹೇಗೆ ಗೊತ್ತಾಗುವುದು? ನಾನು ಹೊಲಿಯುವವಳು."

"ಆಂಪ್ಲಿಫೈಯರಿನಲ್ಲಿ ಒಂದು ಗುಂಡಿ ಉಂಟು, ಈಚೆ ಆಚೆ ಮಾಡುವಂಥದ್ದು. ಒಂದು ಕಡೆಗೆ ಹಾಕಿದ್ರೆ ಹಿಂದಿನ ಸ್ಪೀಕರ್ ಗಾಳಿ ತಳ್ಳುವಾಗ ಮುಂದಿನದ್ದು ಎಳೀತದೆ. ನಡುವೆ ಕೂತವನಿಗೆ ಎಂಥದೂ ಸಿಗುವುದಿಲ್ಲ. ಇನ್ನೊಂದು ಕಡೆಗೆ ಹಾಕಿದ್ರೆ ಎರಡೂ ಒಟ್ಟಿಗೆ ತಳ್ತವೆ, ಎದೆಗೆ ಬಂದು ಕೂತುಕೊಳ್ತದೆ. ಗೊತ್ತಾಗ್ತದೆ ಅಕ್ಕ, ಎಲ್ಲರಿಗೂ ಗೊತ್ತಾಗ್ತದೆ."

ಸಂಜೆ ಮನೆಯಲ್ಲಿ ಗಂಡ ತರುಣ್‌ಗೆ ಹೇಳಿದೆ. ಟೈಲ್ಸ್ ಅಂಗಡಿಯ ಧೂಳು ತೊಳೆದುಕೊಳ್ಳುತ್ತಲೇ ಅವರು, "ಆ ಇಬ್ಬರ ನಡುವೆ ನಿನಗೆ ಎಂಥ ಕೆಲಸ? ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು" ಎಂದರು. ಹೇಳುವುದು ಸುಲಭ. ಲತೇಶಣ್ಣ ವಯರಿನ ತುದಿ ಹಿಡಿದುಕೊಂಡು ನಿಂತದ್ದನ್ನು ತರುಣ್ ನೋಡಿದವರಲ್ಲ.

ಶುಕ್ರವಾರ ಚಂದ್ರರಾಜರು ಬಂದು, ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಪೇಪರ್ ಬಿಡಿಸಿದರು. ನಾನು ಮಗುವನ್ನು ಎತ್ತಿಕೊಂಡು ಕಾರಿನ ಹತ್ತಿರ ಹೋದೆ.

"ಲತೇಶಣ್ಣ, ಇವಳಿಗೆ ಸ್ಟೇರಿಂಗ್ ಹಿಡಿಯಬೇಕಂತೆ. ಸ್ವಲ್ಪ ಕೂರ್ಲಾ?"

"ಕೂತುಕೊಳ್ಳಿ. ಆದ್ರೆ ಮಾತಾಡ್ಬೇಡಿ ಅಕ್ಕ, ಸುಹೈಬ್ ಕೇಳ್ತಾ ಇರ್ತಾನೆ."

ಕಿವಿಯ ಬದಿಯಲ್ಲೇ ಫೋನ್ ಕಟ್ಟಿತ್ತು. ಹಾಡು ಶುರುವಾಯಿತು. ಭಾಗವತರ ಸ್ವರ ಎದುರಿನಿಂದ ಚೆನ್ನಾಗಿ ಬರುತ್ತಿತ್ತು. ಮದ್ದಳೆ ಎಂದರೆ ದೂರದಲ್ಲಿ ಯಾರೋ ಬಟ್ಟೆ ಒಗೆದ ಹಾಗೆ, ಅಷ್ಟೇ. ಹೊಟ್ಟೆಯಲ್ಲಿ ಏನೂ ಇಲ್ಲ, ಎದೆಯಲ್ಲಿ ಏನೂ ಇಲ್ಲ. ಚಂದ್ರರಾಜರು ಹೇಳಿದ್ದು ಸುಳ್ಳಲ್ಲ.

"ಸಾಕಾ?" ಎಂದರು ಲತೇಶಣ್ಣ ಹಿಂದಿನಿಂದ.

ನಾನು ತಟ್ಟಲಿಲ್ಲ. "ಇಲ್ಲ, ಸಾಲದು" ಎಂದಿತು ಫೋನು.

"ಗುಂಡಿ ಆಚೆ ಹಾಕ್ತೇನೆ."

ಟಿಕ್ ಎಂದಿತು. ಅಷ್ಟರವರೆಗೆ ಡಿಕ್ಕಿಯಲ್ಲಿದ್ದ ಮದ್ದಳೆ ಎದ್ದು ಬಂದು ಸ್ಟೇರಿಂಗಿನ ಮೇಲೆಯೇ ಕೂತಿತು. ಸಾತ್ವಿಕಾ ಬಾಯಿಯಿಂದ ಬೆರಳು ತೆಗೆದು ತನ್ನ ಎದೆ ನೋಡಿಕೊಂಡಳು. ನಾನು ಕೈ ಎತ್ತಿ ಫೋನನ್ನು ತಟ್ಟಿದೆ. ತಟ್ಟುವಾಗ ನೋಡುತ್ತೇನೆ, ನೆಟ್ ಹೋಗಿ ಫೋನಿನ ಮೇಲೆ ಬಿಳಿ ಉರುಟು ಚಕ್ರವೊಂದು ಸುತ್ತುತ್ತಿತ್ತು.

"ಸಾಕಾ?" ಎಂದರು ಲತೇಶಣ್ಣ. "ಸಾಕಾ ಮಾರಾಯ?"

ನನ್ನ ಬಾಯಿ ತಡೆಯಲಿಲ್ಲ. "ಸಾಕು ಲತೇಶಣ್ಣ. ಇದೇ ಸರಿ."

ಕನ್ನಡಿಯಲ್ಲಿ ಅವರ ಮುಖ ಕಾಣಿಸಿತು. ಅವರು ನಿಧಾನಕ್ಕೆ ಮುಂದೆ ಬಂದು, ಕಿಟಕಿಯಿಂದ ಕೈ ಹಾಕಿ ಹಾಡು ನಿಲ್ಲಿಸಿದರು. ಫೋನನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಉರುಟು ಸುತ್ತುವುದು ನಿಂತು, ಲೈನ್ ಪುನಃ ಬಂತು. ಸುಹೈಬನ ಸ್ವರ, ಎಂದಿನ ಹಾಗೆಯೇ ಯೋಚಿಸಿ ಹೇಳಿದ ಹಾಗೆ:

"ಸ್ವಲ್ಪ ಕಮ್ಮಿ ಮಾಡಿ... ಹಾಂ. ಸಾಕು. ಈಗ ಸರಿ ಕೇಳ್ತದೆ."

ಹಾಡು ನಿಂತೇ ಇತ್ತು. ಕಾರಿನೊಳಗೆ ಮಗು ಉಸಿರಾಡುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ನಾನು ತಲೆ ಎತ್ತಲಿಲ್ಲ.

ಲತೇಶಣ್ಣ ರಬ್ಬರ್ ಬ್ಯಾಂಡ್ ಬಿಚ್ಚಿ ಫೋನನ್ನು ಕೈಗೆ ತೆಗೆದುಕೊಂಡರು. "ಆಯ್ತು ಸುಹೈಬ್, ಸಾಕು," ಎಂದು ಹೇಳಿ ಇಟ್ಟರು.

ಚಂದ್ರರಾಜರು ಕಾರನ್ನು ಬಂಟ್ವಾಳದ ಕಡೆಗೆ ಒಂದು ಸುತ್ತು ಓಡಿಸಿ ತಂದರು. ಮುಖ ಅರಳಿತ್ತು. "ಬಂದ ಮಾರಾಯ, ಮದ್ದಳೆಯವ ಎದುರು ಬಂದ! ನಿನ್ನ ಕುವೈತಿನವನ ಕಿವಿ ಸಣ್ಣದಲ್ಲ. ನಾನು ಹೇಳಿದೆ ಅಂತ ಹೇಳು ಅವನಿಗೆ."

"ಹೇಳ್ತೇನೆ," ಎಂದರು ಲತೇಶಣ್ಣ.

ಆದರೆ ಹೇಳಿದ ಹಾಗೆ ಕಾಣಲಿಲ್ಲ. ಆ ಮೇಲೆ ಕಾರುಗಳು ಬಂದವು, ಹೋದವು. ಹದ ಮಾಡುವ ಹೊತ್ತಿಗೆ ಹಲಗೆಗೆ ಎರಡು ಸಲ ಬಡಿದು "ಅಕ್ಕ, ಸ್ವಲ್ಪ ಬರ್ತೀರಾ?" ಎನ್ನುತ್ತಾರೆ. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಕೂರುತ್ತೇನೆ. ಸಾಕಾ, ಸ್ವಲ್ಪ ಜಾಸ್ತಿ, ಸಾಕು. ಕೆಲಸ ಬೇಗ ಮುಗಿಯುತ್ತದೆ, ಸರಿಯಾಗಿಯೂ ಆಗುತ್ತದೆ. ಮುಗಿದ ಮೇಲೆ ಅವರು ವಯರಿನ ತುಂಡು ಹೆಕ್ಕುತ್ತಾರೆ, ನಾನು ನನ್ನ ಮಿಷನ್ನಿಗೆ ಮರಳುತ್ತೇನೆ. ಮೂಸಾಕ ಒಮ್ಮೆ ಚಾ ಕೊಡುವಾಗ ನನ್ನಲ್ಲಿ ಮೆಲ್ಲಗೆ, "ಜಗಳ ಆಯ್ತಾ ಇವರಿಗೆ? ಸುಹೈಬನ ಸ್ವರವೇ ಇಲ್ಲ" ಎಂದು ಕೇಳಿದರು.

ಹೀಗಿರುವಾಗ ಸುಹೈಬನ ಮೆಸೇಜ್ ಬಂತು: 'ಅಕ್ಕ, ಈಗ ಅಲ್ಲಿಗೆ ಗಾಡಿ ಬರುವುದಿಲ್ವಾ?'

ಅದನ್ನು ಓದಿ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಫೋನನ್ನು ಹಾಗೆಯೇ ಹಿಡಿದುಕೊಂಡು ಹೋಗಿ ಲತೇಶಣ್ಣನಿಗೆ ತೋರಿಸಿದೆ. ಅವರು ಓದಿ, ಕೈಯಲ್ಲಿದ್ದ ಇಕ್ಕಳವನ್ನು ಬೆಂಚಿನ ಮೇಲೆ ಇಟ್ಟರು.

"ಫೋನಿನಲ್ಲಿ ಬಾಸ್ ಬರುವುದಿಲ್ಲ ಅಂತ ನನಗೆ ಗೊತ್ತಿಲ್ಲದ್ದಾ ಅಕ್ಕ? ಸಣ್ಣದರಿಂದ ಸ್ಪೀಕರ್ ಹಿಡಿದವ ನಾನು. ಆದ್ರೆ ಅವನಿಗೆ ಕೇಳ್ತದೆ ಅಂತ ಎಣಿಸಿದ್ದೆ."

"ಬರದೇ ಇದ್ದದ್ದು ಅವರಿಗೆ ಹೇಗೆ ಕೇಳುವುದು?"

"ಅದೇ. ಹೇಗೆ ಕೇಳುವುದು." ಅವರು ನಗಲಿಲ್ಲ. "ಅವನ ಕಿವಿ ಹಾಗೆ ಉಂಟು ಅಂತ ಎಣಿಸಿದ್ದೆ."

"ಬೇಸರವಾ ಅವರ ಮೇಲೆ?"

"ಬೇಸರ ಯಾಕೆ? ಪಾಪ ಅವನು."

"ಹಾಗಾದ್ರೆ ಫೋನ್ ಮಾಡಿ. ಗಾಡಿಗೆ ನಾನು ಕೂರ್ತೇನೆ, ಅದು ಬೇರೆ. ಫೋನ್ ಮಾಡ್ಲಿಕ್ಕೆ ಗಾಡಿ ಬೇಕು ಅಂತ ಎಲ್ಲಿ ಉಂಟು?"

ಲತೇಶಣ್ಣ ಇಕ್ಕಳವನ್ನು ಪುನಃ ಕೈಗೆತ್ತಿಕೊಂಡರು. ಆಮೇಲೆ ಮಕ್ಕಳು ಲೆಕ್ಕ ಬಾರದೆ ಕೇಳುವ ಹಾಗೆ ಕೇಳಿದರು. "ಮಾಡಿ ಎಂಥ ಮಾತಾಡುವುದು ಅಕ್ಕ?"

"ಊಟ ಆಯ್ತಾ ಕೇಳಿ," ಎಂದೆ.

ಮರುದಿನ ಮಧ್ಯಾಹ್ನದ ಮೇಲೆ ಹಲಗೆಯ ಆಚೆಯಿಂದ ಮಾತು ಕೇಳಿಸಿತು. ಫೋನನ್ನು ಬೆಂಚಿನ ಮೇಲೆ ಇಟ್ಟು ಸ್ಪೀಕರಿಗೆ ಹಾಕಿದ್ದರು.

"ಹಾಂ ಲತೇಶಣ್ಣ! ಹೇಳಿ, ಗಾಡಿ ಉಂಟಾ?"

"ಇಲ್ಲ."

"ಮತ್ತೆ?"

"ಸುಮ್ಮನೆ ಮಾಡಿದೆ. ನಿನಗೆ ಕೇಳುವುದಿಲ್ಲ ಅಂತ ಗೊತ್ತಾಯ್ತು ಮಾರಾಯ. ಅದು ಇರ್ಲಿ. ಇನ್ನು ಗಾಡಿ ಇಲ್ಲದಾಗ ಮಾಡ್ತೇನೆ."

ಆಚೆಯಿಂದ, "ಆಯ್ತು."

"ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು."

ಅಲ್ಲಿಗೆ ಮಾತು ಮುಗಿಯಿತು. ಆದರೆ ಇಬ್ಬರೂ ಫೋನ್ ಇಡಲಿಲ್ಲ. ನಾನು ಬ್ಲೌಸಿನ ತೋಳಿಗೆ ಪಟ್ಟಿ ಕೂರಿಸುತ್ತ ಕಿವಿಗೊಟ್ಟೆ, ಇನ್ನೇನಾದರೂ ಬಂದೀತೆಂದು. ಲತೇಶಣ್ಣ ವಯರಿನ ಸಿಪ್ಪೆ ಸುಲಿಯುವ ಕರಕರ ಸದ್ದು ಕೇಳುತ್ತಿತ್ತು. ಒಮ್ಮೆ ಆಚೆಯಿಂದ ಯಾರೋ ಕೆಮ್ಮಿದ ಹಾಗಾಯಿತು. ಒಮ್ಮೆ ಈಚೆಯಿಂದ ಲತೇಶಣ್ಣ, "ಇಲ್ಲಿ ಮೋಡ ಆಗಿದೆ," ಎಂದರು. ಅದಕ್ಕೆ ಉತ್ತರ ಬಂತೋ ಇಲ್ಲವೋ, ಅಷ್ಟರಲ್ಲಿ 'ಸುಹೈಬನಲ್ಲಿ' ಬ್ಲೌಸಿಗೆ ಕೊಟ್ಟವರು ಬಂದರು.

ಬಸ್ಸಿನ ಹೊತ್ತಿಗೆ ನಾನು ಬಾಗಿಲು ಹಾಕಿ, ಮಗುವನ್ನು ಎತ್ತಿಕೊಂಡು ಅವರ ಅಂಗಡಿಯ ಎದುರು ನಿಂತೆ. ಫೋನ್ ಬೆಂಚಿನ ಮೇಲೆ ಹಾಗೆಯೇ ಇತ್ತು. ಲತೇಶಣ್ಣ ಅದರ ಈಚೆ ಬದಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಎದುರು ಬದಿಯಲ್ಲಿ ಇದ್ದ ವಯರು, ಸ್ಕ್ರೂಗಳನ್ನೆಲ್ಲ ಸರಿಸಿ ಜಾಗ ಖಾಲಿ ಮಾಡಿದ್ದರು. ನಾನು ಬಗ್ಗಿ ಫೋನನ್ನು ನೋಡಿದೆ. ಕಪ್ಪಾಗಿತ್ತು.

"ಕಟ್ ಆಗಿದೆ ಲತೇಶಣ್ಣ."

"ಹಾಂ," ಎಂದರು ತಲೆ ಎತ್ತದೆ. "ಆಗಲೇ ಆಗಿತ್ತು. ಇರ್ಲಿ ಅಕ್ಕ, ಅಲ್ಲೇ ಇರ್ಲಿ."